ಹಲ್ಲಿನ ಡಾಕ್ಟರ ಕಲ್ಲು

ನೆರೆಹೊರೆಯವರು ನಮ್ಮ ಬಗ್ಗೆ ಆಡಿಕೊಳ್ಳುತ್ತಿದ್ದದ್ದು ಇಷ್ಟೇ: ಬೇರೆಯವರು ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ, ಹಲ್ಲಿನ ಡಾಕ್ಟರ ಮನೆಯಲ್ಲಿ ಕಲ್ಲು ಸಾಕಿದ್ದಾರೆ. ಸುಳ್ಳೇನಲ್ಲ. ನಮ್ಮ ಹಾಲಿನಲ್ಲಿ (ಕುಡಿಯುವ ಹಾಲಲ್ಲ, ಕೂರುವ ಹಾಲು) ಒಂದು ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಒಂದು ಕಲ್ಲು. ಮೀನು ಮಾತ್ರ ಇಲ್ಲ. ಬಂದವರು ಬಗ್ಗಿ ಬಗ್ಗಿ ಹುಡುಕಿ, ಮೀನಿಗೆ ನಾಚಿಕೆ ಜಾಸ್ತಿಯೋ ಎಂದು ಕೇಳಿ ಹೋಗುತ್ತಿದ್ದರು.

ಅದು ಸಾಮಾನ್ಯ ಕಲ್ಲಲ್ಲ ಸ್ವಾಮಿ, ಮೈಯೆಲ್ಲ ತೂತು. ಸಮುದ್ರದ ಬಣ್ಣದ ಮೀನು ಮಾರುವ ಅಂಗಡಿಯಾತ ವಿವರಿಸಿದ್ದ: ಮೀನಿನ ಹೊಲಸು ನೀರನ್ನು ವಿಷ ಮಾಡುತ್ತದೆ. ತೂತುಗಳೊಳಗೆ ಕಣ್ಣಿಗೆ ಕಾಣದ ಕ್ರಿಮಿಗಳು ಸಂಸಾರ ಹೂಡಿದರೆ ಆ ವಿಷವನ್ನು ತಿಂದು ತೇಗುತ್ತವೆ. ಸಂಸಾರ ಬೆಳೆಯಲು ಆರು ವಾರ ಬೇಕು. ಮೀನು ಬರುವತನಕ ಅವುಗಳ ಊಟಕ್ಕೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ ನೀರಿನಲ್ಲಿ ಕೊಳೆಯಲು ಬಿಡಬೇಕು. ಅಷ್ಟರತನಕ ಯಾರೂ ಮುಟ್ಟಕೂಡದು.

"ದಿನವೆಲ್ಲ ಊರವರ ಬಾಯಲ್ಲಿ ಕ್ರಿಮಿ ಕೊಂದು ಬಂದು ಮನೇಲಿ ಕ್ರಿಮಿ ಸಾಕ್ತೀರಾ?" ಎಂದಳು ನನ್ನವಳು. "ಅಲ್ಲಿ ತೂತು ಮುಚ್ಚೋರು, ಇಲ್ಲಿ ತೂತು ನೋಡಿ ಹಿಗ್ಗೋರು."

ಕೊನೆಗೆ ಒಪ್ಪಂದವಾಯಿತು. ತೊಟ್ಟಿಯ ನೀರನ್ನು ಪುಟ್ಟ ಸೀಸೆಗೆ ತೆಗೆದು ಎರಡು ತೊಟ್ಟು ಔಷಧಿ ಬಿಟ್ಟಾಗ ಹಳದಿಯಾದರೆ ಶುದ್ಧ, ಹಸಿರಾದರೆ ವಿಷ. ಆರನೇ ವಾರದ ಭಾನುವಾರ ಹಳದಿ ಬಂದರೆ ಅಂಗಡಿಯಲ್ಲಿ ನಾನು ಹೇಳಿಟ್ಟಿದ್ದ ಪಟ್ಟೆ ಮೀನಿನ ಜೋಡಿ ಮನೆಗೆ ಬರುತ್ತದೆ. ಹಸಿರು ಬಂದರೆ ತೊಟ್ಟಿ ಅವಳ ತಮ್ಮನಿಗೆ. (ಅವನು ಅದರಲ್ಲಿ ಗಿಡ ನೆಡಲು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದ.)

ನನ್ನ ಭಯವೆಲ್ಲ ಹೆಂಡತಿಯದೇ. ನಲ್ಲಿಯ ಕತ್ತನ್ನೂ ಬಿಡದೆ ಉಜ್ಜುವ ಮಹಾತಾಯಿ. ದಿನಾ ಬೆಳಿಗ್ಗೆ ಭಾಷಣ ಬಿಗಿದೆ, 'ಕಲ್ಲು ಮುಟ್ಟಬೇಡಿ' ಎಂಬ ಚೀಟಿಯನ್ನೂ ಅಂಟಿಸಿದೆ. ಶುಕ್ರವಾರ ಪರೀಕ್ಷಿಸಿದರೆ ಬಂಗಾರದಂಥ ಹಳದಿ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ. ತೊಟ್ಟಿಯ ಮುಂದೆ ಕೂತೆ. ಕಲ್ಲಿನ ಮೇಲೆ ಕಂದು ಪೊರೆ, ತೂತಿನ ಅಂಚಿಗೆಲ್ಲ ಹಳದಿ ಕರೆ. ನಿಮ್ಮ ಕಣ್ಣಿಗೆ ಅದು ಕಲ್ಲು. ನನ್ನ ಕಣ್ಣಿಗೆ ಇಪ್ಪತ್ತು ವರ್ಷ ಬ್ರಷ್ ಕಾಣದ ದವಡೆಹಲ್ಲು. ಕೈ ತಾನಾಗಿಯೇ ಆಸ್ಪತ್ರೆಯ ಚೀಲಕ್ಕೆ ಹೋಯಿತು. ಕೆರೆದೆ, ಒಂದೊಂದು ತೂತನ್ನೂ ಕೆದಕಿದೆ, ಹಲ್ಲಿನ ಸಾಮಾನು ತೊಳೆಯುವ ಔಷಧಿಯಲ್ಲಿ ಅರ್ಧ ಗಂಟೆ ನೆನೆಸಿದೆ, ತೊಳೆದು ವಾಪಸ್ಸಿಟ್ಟೆ. ಬಾಯಿತಪ್ಪಿ, ಆರು ತಿಂಗಳು ಬಿಟ್ಟು ಬನ್ನಿ ಎಂದೂ ಹೇಳಿಬಿಟ್ಟೆ.

ಭಾನುವಾರ ಸೀಸೆಯ ನೀರು ಹಚ್ಚ ಹಸಿರು.

ನಾನು ಗುಡುಗಿದೆ. ಎಷ್ಟು ಹೇಳಿದರೂ ನಿನ್ನ ಕೈ ಸುಮ್ಮನಿರಲಿಲ್ಲ, ಉಜ್ಜಿಯೇಬಿಟ್ಟೆ ಎಂದು ಹಾರಾಡಿದೆ. (ದೇವರಾಣೆಗೂ ಆ ಕ್ಷಣದಲ್ಲಿ ನನಗೆ ಶನಿವಾರದ್ದು ನೆನಪಾಗಲಿಲ್ಲ. ಹಲ್ಲು ಸ್ವಚ್ಛ ಮಾಡುವುದನ್ನು ಉಜ್ಜುವುದು ಎಂದು ನಾವು ಡಾಕ್ಟರುಗಳು ಕರೆಯುವುದಿಲ್ಲ.) ಅವಳು ಕಲ್ಲನ್ನು ಎತ್ತಿ ನನ್ನ ಮೂಗಿಗೆ ಹಿಡಿದಳು.

"ರೀ, ಮೂಸಿ ನೋಡಿ. ನಾನು ಉಜ್ಜಿದ್ರೆ ಸೋಪಿನ ವಾಸನೆ ಬರ್ಬೇಕಿತ್ತು. ಇದು ಆಸ್ಪತ್ರೆಯಿಂದ ಬಂದ ನಿಮ್ಮ ಅಂಗಿ ವಾಸನೆ."

ನಾನು ಅವಳ ಬಾಯಲ್ಲಿ ಬಾಮೈದನ ಹೆಸರು ಕೇಳಲು ಸಿದ್ಧನಾಗಿ ತಲೆ ತಗ್ಗಿಸಿದೆ. ನನ್ನ ಮುಖ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗಿತ್ತೋ ಏನೋ, ಅವಳಿಗೆ ನಗು ಬಂತು.

"ತೊಟ್ಟಿ ಇರ್ಲಿ. ಇನ್ಮೇಲೆ ನಾನು ನೋಡ್ಕೋತೀನಿ. ಮುಚ್ಚಳ ತೆಗೆದಾಗ ಮಾತ್ರ ನೀವು ಮನೇಲಿರಬೇಡಿ. ಮೀನು ಬಂದು ನೆಲೆ ನಿಲ್ಲೋವರೆಗೆ."

ಹೊಸ ಕಲ್ಲು, ಹೊಸ ನೀರು, ಮತ್ತೆ ಆರು ವಾರ. ಅವಳು ಬೆಳಿಗ್ಗೆ ಎದ್ದು ಮೊದಲು ಕ್ರಿಮಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದಳು, ಆಮೇಲೆ ನನ್ನದು. ಮುಚ್ಚಳದ ಸದ್ದಾದರೆ ಸಾಕು, ನಾನು ಬೀದಿ ಸುತ್ತಲು ಹೊರಡುತ್ತಿದ್ದೆ. ನಡೆದೂ ನಡೆದೂ ಹೊಟ್ಟೆ ಕರಗಿತು.

ಆರನೇ ಭಾನುವಾರ ನೀರು ಹಳದಿಯಾಯಿತು, ಮೀನುಗಳು ಬಂದವು. ಮುಚ್ಚಳ ಇನ್ನೂ ಹಾಕಿಲ್ಲ, ಇದೊಂದು ಸಲ ಹೋಗಿಬನ್ನಿ, ನಾಳೆಯಿಂದ ಆರಾಮಾಗಿ ಕೂತು ನೋಡಿ ಎಂದು ಅವಳು ಚಪ್ಪಲಿ ತೋರಿಸಿದಳು. ಹೊಸ್ತಿಲಲ್ಲಿ ತಿರುಗಿದೆ. ಜೋಡಿ ಮೀನು ಕಲ್ಲಿನ ಪಕ್ಕ ನಿಂತು, ನನ್ನನ್ನೇ ನೋಡುತ್ತ, ಅಗಲವಾಗಿ ಬಾಯಿ ತೆರೆದವು.

ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಸರಸರನೆ ಮೆಟ್ಟಿಲಿಳಿದೆ.