ನನ್ನ ರೇಸಿನ ಆಕ್ಸಲ್ಲಿನ ಮಾರಾಟ

ಹೊಸದುರ್ಗದಲ್ಲಿ ಆಗ ಕಾರುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಇಂಗ್ಲೆಂಡಿನಲ್ಲಿ ಹುಟ್ಟಿದ ಕೆಂಪು ರೇಸು ಕಾರು ಒಂದೇ ಒಂದು. ಅದು ನನ್ನದು! ಗಣಿಯ ಸಾಹೇಬರೊಬ್ಬರು ಊರು ಬಿಡುವಾಗ ಮಾರಿದ್ದನ್ನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನಾನು ಕೊಂಡಿದ್ದೆ. ಕಾರಿನ ಹೊಟ್ಟೆಯೊಳಗಿನ ಮರ್ಮ ಬಲ್ಲವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆಂದರೆ ಎಲ್ಲರಿಗೂ ನಾನೇ ಹೇಳಿದ್ದೆ.

ಆ ಕಾರಿನ ಜೊತೆಗೆ ಹಿಂದಿನ ಗಾಲಿಗಳ ಅಚ್ಚು, ಅಂದರೆ ಆಕ್ಸಲ್ಲು, ಹೆಚ್ಚುವರಿಯಾಗಿ ಒಂದು ಬಂದಿತ್ತು. ನಾನು ಸುಮ್ಮನಿರಬೇಕಲ್ಲ? ಅದನ್ನು ಜಿಲ್ಲಾಕೇಂದ್ರವಾದ ದುರ್ಗದ ಲೇತ್ ಅಂಗಡಿಗೆ ಹೊತ್ತು, ಒಳಗಿನ ಹಲ್ಲುಚಕ್ರಗಳನ್ನು ನನ್ನ ಲೆಕ್ಕದ ಪ್ರಕಾರ ಬದಲು ಮಾಡಿಸಿ, ಕಾರಿಗೆ ಹಾಕಿಸಿ ಓಡಿಸಿಕೊಂಡು ಬಂದೆ. ಅಬ್ಬಬ್ಬಾ, ಏನು ಓಟ! ಹೊಳಲ್ಕೆರೆಯಲ್ಲಿ ಕಾಫಿ ಕುಡಿಯೋಣವೆಂದು ಯೋಚಿಸುವಷ್ಟರಲ್ಲಿ ಹೊಳಲ್ಕೆರೆ ಹಿಂದೆ ಬಿದ್ದಿತ್ತು. ಆ ಒಂದೇ ಓಟಕ್ಕೆ ನಾಲ್ಕೂ ಟೈರು ಹರಿದವು. ಈ ವೇಗವನ್ನು ನಮ್ಮ ರಸ್ತೆಗಳು ತಡೆಯಲಾರವು ಎಂದು ಮನಗಂಡು, ಆಕ್ಸಲ್ಲನ್ನು ಬಿಚ್ಚಿ ಯೋಗ್ಯರಿಗೆ ಮಾರಲು ತೀರ್ಮಾನಿಸಿದೆ. ಬಂದ ದುಡ್ಡಿನಲ್ಲಿ ಹೊಸ ಟೈರು ಹಾಕಿಸಿ, ಹಳೆಯ ಆಕ್ಸಲ್ಲಿನ ಮೇಲೇ ಗಿರಿಜಳನ್ನು ಮತ್ತೋಡಿಗೆ ಕರೆದೊಯ್ಯಬೇಕಿತ್ತು.

ಗಿರಿಜ ನನ್ನ ಹೆಂಡತಿ. ಮತ್ತೋಡು ಅವಳ ತವರು. ಕಾರು ಬಂದ ದಿನವೇ, "ತವರಿಗೆ ಇನ್ನು ನೀನು ಬಸ್ಸು ಹತ್ತೋದಿಲ್ಲ" ಎಂದು ಮಾತು ಕೊಟ್ಟಿದ್ದೆ. ನಾನು ಕಾರನ್ನು ಬಿಚ್ಚಿ ಕಟ್ಟುವುದರಲ್ಲೇ ದಿನ ಕಳೆದು, ಮೂರು ವರ್ಷವಾದರೂ ಅವಳು ಅದರಲ್ಲಿ ಒಂದು ಮಾರು ದೂರವೂ ಹೋಗಿರಲಿಲ್ಲ. ಪ್ರತಿ ಸಲ ಬಸ್ಸಿಳಿದಾಗ ಅಕ್ಕತಂಗಿಯರು, "ಏನೇ ಗಿರಿಜಾ, ಕಾರು ಎಲ್ಲೈತೆ?" ಎಂದು ನಗುತ್ತಿದ್ದರಂತೆ. ಅವಳು ಇದನ್ನು ಹೇಳಿದ್ದು ಒಂದೇ ಸಲ. ನನ್ನ ಎದೆಗೆ ಅದು ಚುಚ್ಚಿಕೊಂಡುಬಿಟ್ಟಿತ್ತು.

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗೆ ಜಾಹೀರಾತು ಕಳಿಸಿದೆ. ಒಂದು ಆಕ್ಸಲ್ಲಿನ ಬಗ್ಗೆ ಅಷ್ಟು ಭಾರವಾದ ಇಂಗ್ಲಿಷನ್ನು ಅದುವರೆಗೆ ಯಾರೂ ಬರೆದಿರಲಾರರು. ಹದಿನೈದು ದಿನದಲ್ಲಿ ಕಾಗದ ಬಂತು! ಕಾರಿನ ರೇಸು ಓಡಿಸುವ ಒಬ್ಬ ಸಾಹೇಬರು ಆಯುಧಪೂಜೆಯಾದ ಮಾರನೇ ದಿನ ತಾವೇ ಬರುವುದಾಗಿ ಬರೆದಿದ್ದರು. ಆದರೆ ಒಂದು ಷರತ್ತು. ಆಕ್ಸಲ್ಲನ್ನು ಕಾರಿಗೆ ಹಾಕಿ, ಓಡಿಸಿ ತೋರಿಸಬೇಕು.

"ದುರ್ಗದಿಂದ ಮೆಕ್ಯಾನಿಕ್ಕನ್ನ ಕರೆಸ್ರಿ" ಎಂದಳು ಗಿರಿಜ.

"ಯಾತಕ್ಕೆ? ನಾನು ಸತ್ತಿದೀನಾ?"

ನಾಲ್ಕು ಹಳೆಯ ಟೈರು ಎರವಲು ತಂದೆ. ಗಿರಿಜ ಅಷ್ಟರಲ್ಲಿ ಮತ್ತೋಡಿಗೆ ಕಾಗದ ಹಾಕಿಯೇಬಿಟ್ಟಿದ್ದಳು: ಹಬ್ಬ ಮುಗಿದ ವಾರಕ್ಕೆ ಕಾರಲ್ಲೇ ಬರ್ತೀವಿ.

ಆಕ್ಸಲ್ಲಿನ ನಡುವೆ ಕುಂಬಳಕಾಯಿ ಗಾತ್ರದ ಒಂದು ಗುಂಡು ಇರುತ್ತದೆ. ಇಂಜಿನ್ನಿನ ತಿರುಗಾಟವನ್ನು ಗಾಲಿಗಳಿಗೆ ಮುಟ್ಟಿಸುವ ಹಲ್ಲುಚಕ್ರಗಳೆಲ್ಲ ಅದರೊಳಗೆ. ಆಕ್ಸಲ್ಲನ್ನು ಕಾರಿಗೆ ಏರಿಸಿದ ಮೇಲೆ ನಾನು ಆ ಗುಂಡನ್ನು ಮಾತ್ರ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಫಳಫಳ ಹೊಳೆಯುವಂತೆ ಒರೆಸಿ, ಹಬ್ಬದ ದಿನ ನಡುಮನೆಯಲ್ಲಿ ಮಣೆಯ ಮೇಲಿಟ್ಟೆ. ಗಿರಿಜ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದಳು. ನೆರೆಹೊರೆಯವರು ಬಂದು ಕೈಮುಗಿದು ಹೋದರು. ಒಬ್ಬ ಮುದುಕಿಯಂತೂ ಇದು ಯಾವ ದೇವರೆಂದು ಕೇಳಿದಳು.

ಮಾರನೇ ದಿನ ಬೆಳಗ್ಗೆ ಕಾರಿನ ಕೆಳಗೆ ಮಲಗಿ ಗುಂಡನ್ನು ಜಾಗಕ್ಕೆ ಹಿಡಿದೆ. ಗಿರಿಜ ಬಗ್ಗಿ ನೋಡಿ ಕೂಗಿದಳು.

"ಅಯ್ಯೋ, ಕುಂಕುಮದ ಮಕ ನೆಲದ ಕಡೀಗೆ ಬಂತಲ್ರೀ!"

ಹೌದು! ಪೂಜೆ ಮಾಡಿಸಿಕೊಂಡ ಮುಖ ಕೆಳಗಾಗಿತ್ತು. ರಸ್ತೆಯ ಕೆಸರು, ಸಗಣಿ ಎಲ್ಲ ಇನ್ನು ಆ ಕುಂಕುಮಕ್ಕೇ. ನನ್ನ ಜೀವ ಒಪ್ಪಲಿಲ್ಲ.

"ಹೋಗ್ಲಿ ಬಿಡ್ರಿ, ಅದನ್ನ ಒರೆಸಿ ಮ್ಯಾಲಿನ ಕಡೆ ಇನ್ನೊಂದು ಬೊಟ್ಟು ಇಡ್ತೀನಿ" ಎಂದಳು.

"ಪೂಜೆಯ ಕುಂಕುಮ ಒರೆಸ್ತಾರೇನೆ? ಇಲ್ಲಿ ನೋಡು, ಬೋಲ್ಟಿನ ತೂತುಗಳು ಸುತ್ತಲೂ ಸಮ ದೂರದಲ್ಲಿವೆ. ಗುಂಡನ್ನೇ ಅರ್ಧ ಸುತ್ತು ತಿರುಗಿಸಿದರಾಯಿತು. ಇದಕ್ಕೆ ರೇಖಾಗಣಿತ ಅಂತಾರೆ!"

ತಿರುಗಿಸಿದೆ. ಎಂಟಕ್ಕೆ ಎಂಟೂ ಬೋಲ್ಟು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಕುಂಕುಮ ಮೇಲೆ ಬಂತು.

"ಕುಂತಿದ್ದೇನೋ ಕುಂತೈತೆ. ಓಡ್ತೈತಾ?" ಎಂದಳು ಗಿರಿಜ. ಓದದವರ ಜೊತೆ ವಾದ ಯಾಕೆಂದು ನಾನು ಕೈ ತೊಳೆಯಲು ಹೋದೆ.

ಹನ್ನೊಂದು ಗಂಟೆಗೆ ಸಾಹೇಬರು ಬಂದರು. ಕಪ್ಪು ಕನ್ನಡಕ, ತಲೆಗೆ ಹ್ಯಾಟು. ಆಕ್ಸಲ್ಲನ್ನು ಸಾಗಿಸಲು ಲಾರಿಯನ್ನೂ ಗೊತ್ತುಮಾಡಿಕೊಂಡೇ ಬಂದಿದ್ದರು. ನಾನು ಟೈ ಕಟ್ಟಿದ್ದೆ. ಬೀದಿಯ ಎರಡೂ ಬದಿಗೆ ಜನ. ಗಿರಿಜ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಇನ್ನೂ ಎರಡು ಮೊಳ ಹೆಮ್ಮೆ ಹೆಚ್ಚಾಯಿತು. ಸಾಹೇಬರನ್ನು ಪಕ್ಕಕ್ಕೆ ಕೂರಿಸಿಕೊಂಡು, "ಭದ್ರವಾಗಿ ಹಿಡಿದುಕೊಳ್ಳಿ. ವೇಗ ಸ್ವಲ್ಪ ಜಾಸ್ತಿ" ಎಂದು ಎಚ್ಚರಿಸಿ, ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟೆ.

ಕಾರು ಹಿಂದಕ್ಕೆ ಹೊರಟಿತು.

ರಿವರ್ಸ್ ಗೇರು ಬಿದ್ದಿರಬೇಕೆಂದುಕೊಂಡು ನೋಡಿದೆ. ಒಂದನೆಯದೇ! ಹಾಗಾದರೆ ದೋಷ ಒಂದನೇ ಗೇರಿನದು ಎಂದು ವೈಜ್ಞಾನಿಕವಾಗಿ ನಿರ್ಧರಿಸಿ ಎರಡನೆಯದು ಹಾಕಿದೆ. ಅದು ಇನ್ನೂ ಶ್ರದ್ಧೆಯಿಂದ ಹಿಂದಕ್ಕೆ ಹೋಯಿತು. ಮೂರನೆಯದಕ್ಕೆ ಸಾಹೇಬರ ಹ್ಯಾಟು ಹಾರಿತು. ಬ್ರೇಕು ಎಂಬುದೊಂದು ಇದೆಯೆಂದು ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ. ಆಗ ಮಾತ್ರ ನೆನಪಾಗಲಿಲ್ಲ!

ಹಿಂದುಗಡೆಯಿಂದ ಕರಿಯಪ್ಪನ ಕುರಿಮಂದೆ ಬರುತ್ತಿತ್ತು. ಕರಿಯಪ್ಪ ಮತ್ತೋಡಿನ ಕಡೆಯ ಕುರಿ ಸಾಕಣೆಯವನು. ಕುರಿಗಳು ಬುದ್ಧಿವಂತ ಪ್ರಾಣಿಗಳು, ಎರಡು ಭಾಗವಾಗಿ ದಾರಿ ಬಿಟ್ಟವು. ಕರಿಯಪ್ಪ ಪಕ್ಕಕ್ಕೆ ಹಾರಿ ಕೂಗಿದ.

"ಏ ಮೇಷ್ಟ್ರೇ! ಮುಂದಕ್ ನೋಡ್ಕಂಡು ಹಿಂದಕ್ ಬರ್ತೀರಲ್ರೀ!"

ಕಾರು ಬೀದಿಯ ಕೊನೆಯ ತಿಪ್ಪೆಯನ್ನು ಹಿಂದುಮುಂದಾಗಿಯೇ ಹತ್ತಿ, ಹಿಂಭಾಗವನ್ನು ಆಕಾಶಕ್ಕೆ ಮಾಡಿ ನಿಂತಿತು.

ಸಾಹೇಬರು ನಿಧಾನವಾಗಿ ಇಳಿದರು. ಬಗ್ಗಿ ಗಾಲಿಯ ಸಂದಿನಿಂದ ಗುಂಡಿನ ಮೇಲ್ಭಾಗ ನೋಡಿದರು. ಕುಂಕುಮ ಅವರನ್ನೇ ನೋಡುತ್ತಿತ್ತು.

"ಮೇಷ್ಟ್ರೇ, ಗುಂಡನ್ನ ತಲೆಕೆಳಗು ಕೂರಿಸಿದೀರಿ. ಈಗ ನಿಮ್ಮ ಕಾರಿಗೆ ನಾಲ್ಕು ಗೇರು ಹಿಂದಕ್ಕೆ, ಒಂದು ಗೇರು ಮುಂದಕ್ಕೆ."

"ಒಂದು ಗಂಟೆ ಕೊಡಿ ಸಾರ್, ತಿರುಗಿಸಿ ಕೂರಿಸಿಬಿಡ್ತೀನಿ!"

"ಬೇಡ ಬಿಡಿ. ಹೊರಗಡೆಯೇ ಇಷ್ಟು ಮಾಡಿದವರು, ಒಳಗಿನ ಹಲ್ಲಿಗೆ ಏನೇನು ಮಾಡಿದೀರೋ" ಎಂದು ಕೈಮುಗಿದು, ಹ್ಯಾಟಿಗೆ ಅಂಟಿದ ಕುರಿಹಿಕ್ಕೆ ಕೊಡವಿಕೊಂಡು, ಖಾಲಿ ಲಾರಿ ಹತ್ತಿ ಹೋದರು.

ಮನೆಗೆ ಬಂದರೆ ಗಿರಿಜ ಹೊಸ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮತ್ತೋಡಿನಲ್ಲಿ ಅವಳ ಅಕ್ಕತಂಗಿಯರು ಕಾರಿಗಾಗಿ ಕಾಯುತ್ತಿದ್ದರು. ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಸಂಜೆ ಕರಿಯಪ್ಪ ಜನ ಸೇರಿಸಿ ಕಾರನ್ನು ತಿಪ್ಪೆಯಿಂದ ಇಳಿಸಿಕೊಟ್ಟ. ಇಳಿಸುವಾಗ ಹಿಂದಿನ ಗಾಲಿಗಳನ್ನು ಕೈಯಿಂದ ತಿರುಗಿಸಿ ತಿರುಗಿಸಿ ನೋಡಿದ.

"ಮೇಷ್ಟ್ರೇ, ನಂಗೊಂದು ಟೈರಿನ ಗಾಡಿ ಮಾಡಿಸ್ಬೇಕು. ಇದನ್ನ ಕೊಡ್ತೀರೇನು?"

ಹಳೆಯ ಕಾರು, ಜೀಪುಗಳ ಆಕ್ಸಲ್ ಹಾಕಿ ಎತ್ತಿನ ಗಾಡಿ ಮಾಡಿಸುವುದು ಆಗ ನಮ್ಮ ಕಡೆ ದೊಡ್ಡ ಶೋಕಿ. ಆದರೂ ನನ್ನ ಮೈ ಉರಿಯಿತು.

"ಲೇ ಕರಿಯಪ್ಪ, ಇದು ರೇಸಿನ ಆಕ್ಸಲ್ಲು!"

"ಇರ್ಲಿ ಬಿಡ್ರಿ, ನಮ್ಮೆತ್ತೇನು ಕಡಿಮೆ ಅಲ್ಲ."

"ಇದು ಹಿಂದಕ್ಕೆ ಹೋಗ್ತೈತಲ್ಲೋ, ನೀನೇ ನೋಡಿದೆಯಲ್ಲ."

"ಎತ್ತು ಯಾಕ್ ಹೋಗ್ತಾವ್ರೀ ಹಿಂದಕ್ಕೆ?"

ಎತ್ತಿನ ಮುಂದೆ ವಿಜ್ಞಾನ ಸೋತಿತು. ಕೊಟ್ಟೆ. ಎಷ್ಟಕ್ಕೆಂದು ದಯವಿಟ್ಟು ಕೇಳಬೇಡಿ. ಆ ದುಡ್ಡಿಗೆ ಟೈರಂತೂ ಬರಲಿಲ್ಲ.

ಒಂದು ವಾರದ ಮೇಲೆ ಬೆಳಗ್ಗೆ ಗಂಟೆಯ ಸದ್ದು ಕೇಳಿ ಬಾಗಿಲಿಗೆ ಬಂದರೆ, ಕರಿಯಪ್ಪನ ಹೊಸ ಗಾಡಿ! ಹಸಿರು ಬಣ್ಣ, ಮೇಲೆ ಕಮಾನು, ಒಳಗೆ ಮೆತ್ತಗೆ ಹುಲ್ಲು ಹಾಸಿ ಕಂಬಳಿ. ಕೆಳಗೆ ನನ್ನ ಆಕ್ಸಲ್ಲು.

"ಮತ್ತೋಡಿಗೆ ಹೊಂಟೀನಿ ಅಕ್ಕಾರೇ. ಕಾರಲ್ಲಿ ಬರ್ತೀವಿ ಅಂತ ಬರೆದಿದ್ರಂತೆ. ಕಾರಿಂದೇ ಗಾಲಿ ಐತೆ, ಬರ್ರಿ, ಕುಂತ್ಕಳ್ರಿ, ಹೋಗಾಣ."

ಗಿರಿಜ ಒಳಗೆ ಹೋದಳು. ಬರುವಾಗ ಹೊಸ ಸೀರೆಯುಟ್ಟಿದ್ದಳು.

ದಾರಿಯುದ್ದಕ್ಕೂ ನಾನು ವಿವರಣೆ ಕೊಟ್ಟೆ. "ನೋಡೆ, ಒಂದು ಕುಲುಕಾಟ ಇಲ್ಲ! ಇಂಗ್ಲೆಂಡಿನ ಉಕ್ಕು ಅಂದ್ರೆ ಹೀಗೆ!" ಮೂರು ವರ್ಷದ ಮೇಲೆ ಮೊದಲ ಬಾರಿಗೆ ಅವಳು ಕಾರಿನ ವಿಷಯದಲ್ಲಿ ನಕ್ಕಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಗೆ ಅರ್ಧ ದಿನ ಹಿಡಿಯಿತು. ಆ ಅರ್ಧ ದಿನ ನನಗೆ ಸಾಲಲಿಲ್ಲ.

ಮತ್ತೋಡಿನಲ್ಲಿ ಅಕ್ಕತಂಗಿಯರೆಲ್ಲ ಓಡಿಬಂದರು. ಅವರು ಬಾಯಿ ತೆರೆಯುವ ಮೊದಲೇ ಗಿರಿಜ ಗಾಡಿಯಿಂದಿಳಿದು, ಸೆರಗು ಸರಿಮಾಡಿಕೊಂಡು ಹೇಳಿದಳು: "ಇದ್ರ ಆಕ್ಸಲ್ಲು ನಮ್ಮನೆಯವರದ್ದೇ ಕಣ್ರೇ. ಬೆಂಗಳೂರಿನ ಸಾಹೇಬರೇ ನೋಡಾಕೆ ಬಂದಿದ್ರು!"

ನನ್ನ ಎದೆ ಉಬ್ಬಿ ಕೋಟಿನ ಗುಂಡಿ ಬಿಗಿಯಾಯಿತು. ಮಾವನವರು ಊರುಗೋಲು ಹಿಡಿದು ಗಾಡಿಯನ್ನು ಒಂದು ಸುತ್ತು ಬಂದರು. ಬಗ್ಗಿ ಗಾಲಿ ನೋಡಿದರು, ಗುಂಡನ್ನು ಕೋಲಿನಿಂದ ತಟ್ಟಿದರು.

"ಅಳಿಯಂದ್ರೇ, ಇದು ಹಿಂದಕ್ಕೆ ಓಡ್ತಿತ್ತು ಅಂತ ಸಂತೇಲಿ ಯಾರೋ ಅಂದ್ರು. ಈಗ ಇಷ್ಟು ಚೆಂದ ಮುಂದಕ್ ಬಂದೈತಲ್ಲ, ಏನ್ ಮಾಡಿದ್ರಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಟೈ ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ.

"ಏನೂ ಮಾಡಲಿಲ್ಲ ಮಾವ" ಎಂದೆ. "ಅದಕ್ಕೇ ಓಡ್ತಾ ಐತೆ."