ಜಮಖಾನದ ಮೇಲೊಂದು ಕ್ರ್ಯಾಂಕ್ ಶಾಫ್ಟ್

ಇಂಜಿನ್ ಬಿಚ್ಚಿದರೆ ಪೂರ್ತಿ ಬಿಚ್ಚಬೇಕು, ಅರೆಬರೆ ಕೆಲಸ ನಮ್ಮ ವಂಶದಲ್ಲೇ ಇಲ್ಲ! ಬ್ಯಾಂಕಿನವರು ನನ್ನನ್ನು ಬರೋಡಕ್ಕೆ ವರ್ಗ ಮಾಡಿದ ವರ್ಷ, ಅರವತ್ತನಾಲ್ಕರಲ್ಲಿ, ಫತೇಗಂಜಿನ ಬಾಡಿಗೆ ಮನೆಯ ವರಾಂಡದಲ್ಲಿ ನಿಂತು ಹೀಗೆ ಘೋಷಿಸಿದವನು ನಾನು. ನನ್ನ ಕಾರು ಮಹಾಯುದ್ಧಕ್ಕೂ ಮೊದಲು ಹುಟ್ಟಿದ್ದು. ಅದು ಹೊರಟರೆ ಎದುರು ಮನೆಯ ಪಟೇಲರು ಹೊಗೆಗೆ ಹೆದರಿ ಕಿಟಕಿ ಮುಚ್ಚುತ್ತಿದ್ದರು.

"ಪಿಸ್ಟನ್ ರಿಂಗ್ ಬದಲಿಸಿದರೆ ಸಾಕು ಅಂತ ಮೆಕ್ಯಾನಿಕ್ ಹೇಳಿದನಲ್ಲ," ಎಂದಳು ಹೆಂಡತಿ ಸುಲೋಚನಾ. "ಭಾನುವಾರ ನಮ್ಮ ಕಾಮಾಕ್ಷೀನ ನೋಡೋಕೆ ಅಹಮದಾಬಾದಿಂದ ಬರ್ತಿದಾರೆ. ಸ್ಟೇಷನ್ನಿಗೆ ಕಾರು ಬೇಕು."

ಕಾಮಾಕ್ಷಿ ಅವಳ ತಂಗಿ. ನಮ್ಮ ಮನೆಯಲ್ಲೇ ಇದ್ದಳು.

ರಿಂಗ್ ಅಷ್ಟೇ ಎಂದು ಒಪ್ಪಿಯೇ ಶುರು ಮಾಡಿದೆ. ರಿಂಗಿಗಾಗಿ ಪಿಸ್ಟನ್ ತೆಗೆದೆ. ಪಿಸ್ಟನ್ ತೆಗೆದ ಮೇಲೆ ಬೇರಿಂಗ್ ಬಿಡಲು ಮನಸ್ಸಾಗಲಿಲ್ಲ. ಬೇರಿಂಗ್ ಕಂಡವನು ಕ್ರ್ಯಾಂಕ್ ಶಾಫ್ಟನ್ನು ಬಿಟ್ಟಾನೆಯೇ? ಶನಿವಾರ ಸಂಜೆಗೆ ಅದು ನಡುಮನೆಯ ಜಮಖಾನದ ಮೇಲೆ ಅನಂತಶಯನನಂತೆ ಪವಡಿಸಿತ್ತು. ವಾಲ್ವುಗಳು ಕಲೆತುಹೋಗದಿರಲೆಂದು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕೂರಿಸಿದ್ದೆ.

"ನಾಳೆ ಬಂದವರಿಗೆ ಇದನ್ನೇ ಬಡಿಸಲಾ?" ಎಂದಳು ಸುಲೋಚನಾ.

ಗಂಡಿನ ಕಡೆಯವರು ಟಾಂಗಾದಲ್ಲಿ ಬಂದಿಳಿದರು. ಹುಡುಗ ಪಟ್ಟಾಭಿರಾಮ ಸಂಶೋಧನಾಲಯದಲ್ಲಿ ವಿಜ್ಞಾನಿ. ಜೊತೆಗೆ ತಾಯಿ. ಸುಲೋಚನಾ ಮುಖ ತೋರಿಸಲಾರದೆ ಅಡುಗೆಮನೆ ಸೇರಿದಳು. ಹುಡುಗ ಮಾತ್ರ ಕುರ್ಚಿ ಬಿಟ್ಟು ಕ್ರ್ಯಾಂಕ್ ಶಾಫ್ಟಿನ ಪಕ್ಕದಲ್ಲೇ ಕುಳಿತ. ನನ್ನ ಎದೆ ಅರಳಿತು.

"ಪೂರ್ತಿ ಬಿಚ್ಚಿದ್ದು ಸರಿ ತಾನೇ?" ಎಂದೆ.

"ಸರಿ."

"ಗೇರ್‌ಬಾಕ್ಸು?"

"ಅದನ್ನೂ ಬಿಚ್ಚಬಹುದು."

ಕಾಮಾಕ್ಷಿ ಕಾಫಿ ತಂದಳು. ಅವನು ತಲೆ ಎತ್ತಲಿಲ್ಲ.

"ಹುಡುಗಿ ಬಂದಿದಾಳೆ, ನೋಡೋ," ಎಂದರು ತಾಯಿ.

"ಒಪ್ಪಿಗೆ," ಎಂದ, ಕ್ರ್ಯಾಂಕ್ ಶಾಫ್ಟನ್ನೇ ನೋಡುತ್ತ. ಕಾಮಾಕ್ಷಿ ಬಾಗಿಲ ಹಿಂದೆ ಹೋಗಿ ನಕ್ಕಳು. ಅವಳಿಗೂ ಒಪ್ಪಿಗೆಯಾಗಿತ್ತು.

ಮದುವೆ ಮುಗಿಯಿತು. ವಿಜ್ಞಾನಿಯೇ ಹೇಳಿದ ಮೇಲೆ ಕೇಳಬೇಕೆ, ಗೇರ್‌ಬಾಕ್ಸನ್ನೂ ಬಿಚ್ಚಿ ಹರಡಿದೆ. ದೀಪಾವಳಿಗೆ ಹೆಂಡತಿಯೊಡನೆ ಬಂದ ನನ್ನ ಷಡ್ಡಕನ ಕೈಗೆ ಸ್ಪ್ಯಾನರ್ ಕೊಟ್ಟು, "ಬನ್ನಿ, ಇನ್ನು ಜೋಡಿಸೋಣ," ಎಂದೆ.

ಅವನು ಸ್ಪ್ಯಾನರನ್ನು ತಿರುವಿ ತಿರುವಿ ನೋಡಿದ.

"ಭಾವ, ನನಗೆ ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ಅವತ್ತು ಇವಳ ಮುಖ ನೋಡೋಕೆ ನಾಚಿಕೆಯಾಯ್ತು. ಕಣ್ಣನ್ನ ಎಲ್ಲಾದರೂ ಇಡಬೇಕಿತ್ತಲ್ಲ, ಅಲ್ಲಿಟ್ಟೆ."

ಸುಲೋಚನಾ ನನ್ನ ಕಡೆ ತಿರುಗಿದಳು.

"ಪಾಪ, ಏನೂ ಗೊತ್ತಿಲ್ಲ ಅಂತ ಅವರು ಒಪ್ಕೊಂಡುಬಿಟ್ಟರು. ನೀವು ಯಾವಾಗ ಒಪ್ಕೋತೀರಿ?"