ಮಾವನ ನಕ್ಷತ್ರ, ನನ್ನ ಸೂರ್ಯ

"ಇವತ್ತಿನಿಂದ ನಮ್ಮ ಮನೀಗೂ ಸೂರ್ಯಗೂ ನೇರ ಸಂಬಂಧ. ನಡುವ ಒಂದ್ ಕಂಬ ಇಲ್ಲ, ಒಂದ್ ತಂತಿ ಇಲ್ಲ!"

ಹೋದ ಬೇಸಿಗೆಯಲ್ಲಿ, ಬೀದರಿನ ಮೈಲೂರಿನ ನಮ್ಮ ಮನೆಯ ಮಾಳಿಗೆ ಮೇಲೆ ನಿಂತು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಹೊಸ ಸೋಲಾರ್ ಪ್ಯಾನೆಲ್ ಮೇಲೆ ಇಟ್ಟು ನಾನು ಹೊರಡಿಸಿದ ರಾಜಾಜ್ಞೆ ಇದು. ಕೇಳಿದವರು ಇಬ್ಬರು: ನನ್ನ ಹೆಂಡತಿ ಲಿಡಿಯಾ, ಮತ್ತು ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ವಜೀರಬೀ.

"ಕೈ ತಗೀರಿ, ಸುಡ್ತದ," ಅಂದಳು ಲಿಡಿಯಾ. ಆಕೆ ನರ್ಸು. ನಾನು ಭಾಷಣ ಶುರು ಮಾಡಿದರೆ ಆಕೆಗೆ ಮೊದಲು ಕಾಣುವುದು ಮುಂದೆ ಆಗಲಿರುವ ಗಾಯ.

ಕೈ ಸುಟ್ಟಿತು ನಿಜ, ಆದರೆ ಆ ಬಿಸಿಲಿಗೆ ಬ್ಯಾಟರಿ ತುಂಬಿ ತುಳುಕುತ್ತಿತ್ತು! ದೀಪ, ಫ್ಯಾನು, ಟಿವಿ, ಮಿಕ್ಸರ್ ಎಲ್ಲವನ್ನೂ ಅದಕ್ಕೇ ಜೋಡಿಸಿ, ಸರಕಾರಿ ಕರೆಂಟಿನ ಸ್ವಿಚ್ಚಿಗೆ ಅಡ್ಡಡ್ಡ ಅಂಟುಪಟ್ಟಿ ಬಡಿದೆ. ಅದನ್ನು ಕೀಳುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ ಎಂದು ಸಾರಿದೆ. ಓಣಿಯ ಕರೆಂಟು ಹೋದಾಗಲೆಲ್ಲ ನಾನು ಗೇಟಿನ ದೀಪದ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ಹಗಲು ಓದಿದ ಪೇಪರನ್ನೇ!

ಡಿಸೆಂಬರ್ ಬಂತು. ಭಾಲ್ಕಿಯಿಂದ ನಮ್ಮ ಮಾವ ನೋಹ ಬಂದರು, ಕೈಯಲ್ಲಿ ನಕ್ಷತ್ರ. ಅವರು ಜೀವನವಿಡೀ ಬಡಗಿತನ ಮಾಡಿದವರು. ಪ್ರತಿ ಕ್ರಿಸ್‌ಮಸ್‌ಗೆ ಮಗಳ ಮನೆಗೆ ಬಿದಿರು ಸೀಳಿ, ಕೆಂಪು ಗಾಳಿಪಟದ ಕಾಗದ ಅಂಟಿಸಿ, ಆಳೆತ್ತರದ ನಕ್ಷತ್ರ ಮಾಡಿ ತರುವುದು ಅವರ ಪದ್ಧತಿ. ಈ ಸಲ ಅದನ್ನು ಮಾಡಿದ್ದು ಕೈಯಿಂದ ತಡವಿ ತಡವಿ. ಅವರ ಕಣ್ಣು ಒಳಗಿಂದಲೇ ಸವೆಯುತ್ತಿದೆ, ಆಪರೇಷನ್‌ಗೆ ಬಗ್ಗುವ ರೋಗವಲ್ಲ. ಜೋರು ಬೆಳಕಿದ್ದರೆ ಈಗ ಏನಾದರೂ ಕಂಡೀತು, ಮುಂದಿನದು ಹೇಳಲಾಗದು ಎಂದಿದ್ದರು ಡಾಕ್ಟರು.

"ಈ ವರ್ಷ ಒಂದ್ ಸಲ ಕಣ್ತುಂಬ ನೋಡ್ಬೇಕ್ರಿ ಅಳಿಯಾರ. ಬರೂ ವರ್ಷ ಕಣ್ಣ ಇರ್ತಾವೋ ಇಲ್ಲೋ."

ಅಳು ಬರುವಂತಾದಾಗ ನಾನು ಜೋರಾಗಿ ಮಾತಾಡುತ್ತೇನೆ.

"ನೋಡೂದೇನ್ರಿ ಮಾವಾರ! ಕಿಲ್ಲಾದ ಮ್ಯಾಲ ನಿಂತವರಿಗೂ ಕಾಣಬೇಕು, ಹಂಗ ಉರಸ್ತೇನಿ! ಅದೂ ಸೂರ್ಯನ ಕರೆಂಟಿನ್ಯಾಗ!"

ರಸ್ತೆಗೆ ಕಾಣಲೆಂದು ಮಾಳಿಗೆಯ ಮುಂದಿನ ಗೋಡೆಗೆ ಕಬ್ಬಿಣದ ಪೈಪು ಬಿಗಿದು, ತುದಿಗೆ ನಕ್ಷತ್ರ ಏರಿಸಿ, ಒಳಗೆ ದೊಡ್ಡ ದೊಡ್ಡ ಬಲ್ಬು ಹಾಕಿದೆ. ಮರುದಿನದಿಂದಲೇ ಗ್ರಹಚಾರ ಶುರು. ಸಂಜೆ ಸ್ವಿಚ್ಚು ಒತ್ತಿದರೆ ಇನ್ವರ್ಟರ್ ಹಸಿದ ಕೂಸಿನಂತೆ ಕೀಂ ಕೀಂ ಎಂದು ಅತ್ತು ಮಲಗಿಬಿಟ್ಟಿತು. ನಕ್ಷತ್ರ ಪೂರ್ತಿ ಹೊತ್ತಿಕೊಳ್ಳುವ ಮೊದಲೇ ಆರಿತು. ಅಂಗಳದಲ್ಲಿ ತಲೆ ಎತ್ತಿ ಕೂತಿದ್ದ ಮಾವ, "ಹಚ್ಚೀರೇನ್ರಿ?" ಎಂದು ಕೇಳಿದರು.

ಪ್ಯಾನೆಲ್ ಕೂಡಿಸಿದ ರಾಹೀಲನಿಗೆ ಫೋನು ಹಚ್ಚಿದೆ. "ಥಂಡ್ಯಾಗ ನಿಮ್ಮ ಪ್ಯಾನೆಲ್ ಮಲಗ್ತಾವೇನು?"

"ಇಲ್ರಿ ಸರ್, ಥಂಡಿ ಇದ್ರ ಅವಕ್ಕ ಛಲೋನೇ. ಹಗಲು ಸಣ್ಣದಾಗ್ತದ, ಒಂಚೂರು ಕಮ್ಮಿ ಬರ್ತದ, ಅಷ್ಟೇ. ನೆರಳು-ಗಿರಳು ಏನರ ಬೀಳ್ತದೇನ್ ನೋಡ್ರಿ. ಒಂದರ ಮ್ಯಾಲ ಬಿದ್ರೂ ಸಾಲಿಗೆ ಸಾಲೇ ಕುಂತಬಿಡ್ತದ."

"ನಮ್ಮ ಮಾಳಿಗಿ ಮ್ಯಾಲ ಕಾಗಿ ನೆರಳೂ ಬೀಳಂಗಿಲ್ಲ!" ಎಂದು ಗದರಿ ಫೋನಿಟ್ಟೆ.

ನಾನು ಔರಾದಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಮನೆ. ಹಾಗಾಗಿ ನಸುಕಿನಲ್ಲೇ ಎದ್ದು, ಲಿಡಿಯಾ ಸ್ನಾನಕ್ಕೆ ಕಾಯಿಸಿದ ನೀರಿನಲ್ಲಿ ಪ್ಯಾನೆಲ್‌ಗಳಿಗೆ ಅಭ್ಯಂಜನ ಮಾಡಿಸತೊಡಗಿದೆ. ಟಿವಿ ಬಂದ್, ಮಿಕ್ಸರ್ ಬಂದ್. ನಕ್ಷತ್ರ ಇನ್ನೂ ಎತ್ತರ ಇದ್ದರೆ ಮಾವನಿಗೆ ಚೆನ್ನಾಗಿ ಕಂಡೀತೆಂದು ಪೈಪಿಗೆ ಪೈಪು ಜೋಡಿಸಿದೆ. ಬ್ಯಾಟರಿ ಇನ್ನಷ್ಟು ಸೊರಗಿತು!

"ಸೂರ್ಯನ ಸಂಬಂಧ ಮಾಡಿ ಮೇಣಬತ್ತಿ ಬೆಳಕಿನ್ಯಾಗ ರೊಟ್ಟಿ ಬಡೀಬೇಕಾತು," ಅಂದಳು ಲಿಡಿಯಾ. "ಆ ಪಟ್ಟಿ ಕಿತ್ತು ಸ್ವಿಚ್ ಹಾಕ್ರಿ ಅಂದ್ರ..."

"ಪಟ್ಟಿ ಮುಟ್ಟೀಯಂದ್ರ ನೋಡು!"

ಆಕೆ ನನ್ನನ್ನು ನೋಡಿದಳು. ಹಟ ಮಾಡುವ ರೋಗಿಯನ್ನು ನೋಡುವ ನೋಟ ಅದು.

ಮರುದಿನ ಸಂಜೆ ಪವಾಡ! ನಕ್ಷತ್ರ ಉರಿಯಿತು. ಮಿಣಿಮಿಣಿ ಎನ್ನುತ್ತಿತ್ತು, ಆದರೂ ಆರಲಿಲ್ಲ. "ಕಂಡೆಯಾ ನನ್ನ ಅಭ್ಯಂಜನದ ಫಲ?" ಎಂದು ಮೀಸೆ ತಿರುವಿದೆ. ಲಿಡಿಯಾ ನನಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಮಾವ ಮಾತ್ರ ದಿನಾ ಅಂಗಳದಲ್ಲಿ ಕೂತು, "ಬೆಳಕು ಅದ ಅನ್ಸ್ತದ. ಚುಕ್ಕಿ ಕಾಣವಲ್ದು," ಎನ್ನುತ್ತಿದ್ದರು. ಅದೊಂದು ಮಾತು ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಕ್ಯಾರಲ್ ತಂಡ ನಮ್ಮ ಮನೆಗೆ ಬಂದ ಸಂಜೆ, ಹಾಡು ಶುರುವಾಗುವ ಮೊದಲೇ ನನ್ನ ಉಪನ್ಯಾಸ ಶುರುವಾಯಿತು. "ನೋಡ್ರಿ ಪಾಸ್ಟರ್! ಇಡೀ ಮೈಲೂರಿನ್ಯಾಗ ಸೂರ್ಯನ ಶಕ್ತಿಯಿಂದ ಉರಿಯೂ ನಕ್ಷತ್ರ ಇದೊಂದೇ..."

ಫಕ್ಕನೆ ಓಣಿಯ ಕರೆಂಟು ಹೋಯಿತು. ಬೀದಿದೀಪ ಹೋಯಿತು, ಎದುರುಮನೆ ಹೋಯಿತು. ಅವುಗಳ ಜೊತೆ ಒಂದು ಕ್ಷಣವೂ ಹಿಂದೆ ಬೀಳದೆ ನನ್ನ ಸ್ವತಂತ್ರ ಸೌರ ನಕ್ಷತ್ರವೂ ಹೋಯಿತು!

ಕತ್ತಲಲ್ಲಿ ಗೋಡೆಯಾಚೆಯಿಂದ ವಜೀರಬೀಯ ದನಿ: "ಲಿಡಿಯಾ ಬೇಟಿ! ನಮ್ಮ ಮನಿ ಲೈಟ್ ಹೋತು. ನಿಮ್ಮ ಚುಕ್ಕೀನೂ ಆರಿತೇನ ನೋಡ್!"

"ಮೆಲ್ಲಗ ಅನ್ರಿ ಖಾಲಾ..."

ಕ್ಯಾರಲ್ ತಂಡ ಆ ಸಂಜೆ ಹಾಡಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಪಕ್ಕದ ಮನೆಯಿಂದ ಗೋಡೆ ಹಾರಿ ನಕ್ಷತ್ರಕ್ಕೆ ಬಂದಿದ್ದ ವೈರಿನ ತುದಿ ಹಿಡಿದು ನಾನು ಕೇಳಿದೆ, "ಏನಿದು ಲಿಡಿಯಾ? ಮೋಸ!"

"ಮೋಸ ಅಲ್ರಿ. ನಮ್ಮಪ್ಪನ ಚುಕ್ಕಿ ಉರೀಬೇಕು, ನಿಮ್ಮ ಮಾನಾನೂ ಉಳೀಬೇಕು. ಎರಡೂ ಆಗ್ಲಿ ಅಂತ ವಜೀರಬೀ ಖಾಲಾಗ ಕೇಳ್ಕೊಂಡೆ. ಅವರ ಹಳೀ ವೈರ್ ದೊಡ್ಡ ಬಲ್ಬು ತಡೀಲಿಲ್ಲ, ಸಣ್ಣದು ಹಾಕ್ದೆ."

ಸಿಟ್ಟು ಅಲ್ಲಿಗೇ ಇಳಿಯಿತು. ಕರೆಂಟು ಬಂದ ಕೂಡಲೇ ನೇರ ಸರಕಾರಿ ಸ್ವಿಚ್ಚಿನ ಹತ್ತಿರ ಹೋಗಿ ಪಟ್ಟಿಗೆ ಉಗುರು ಹಾಕಿದೆ. ಮಾವ ಕೈ ತಡವುತ್ತ ಬಂದು ನನ್ನ ಮುಂಗೈ ಹಿಡಿದರು. "ಬ್ಯಾಡ್ರಿ ಅಳಿಯಾರ. ಇಷ್ಟು ಆಸೆ ಪಟ್ಟೀರಿ. ಇನ್ನೊಂದ್ ದಿನ ಅದ. ಸೂರ್ಯನ ಬೆಳಕಿನ್ಯಾಗೇ ನೋಡಾಮು."

ಮರುದಿನ ಕ್ರಿಸ್‌ಮಸ್ ಮುನ್ನಾದಿನ. ರಜೆ ಹಾಕಿ, ಪ್ಯಾನೆಲ್‌ಗಳನ್ನು ಕಾಯುತ್ತ ಮಾಳಿಗೆಯಲ್ಲೇ ಕೂತು ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಾವ ಪ್ಯಾನೆಲ್ ಬದಿಗೆ ಕುರ್ಚಿ ಹಾಕಿಸಿಕೊಂಡು ಬಿಸಿಲು ಕಾಯಿಸುತ್ತಿದ್ದರು.

"ಮೋಡ ಬಂತೇನ್ರಿ ಅಳಿಯಾರ?"

"ಇಲ್ರಿ ಮಾವಾರ, ಆಕಾಶ ತೊಳ್ದಂಗ ಅದ."

"ಮತ್ತ ಮಾರಿಗೆ ಥಂಡಿ ಆಗ್ಲತ್ತದ." ಕುರ್ಚಿ ಸರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ, "ಇಲ್ಲಿಗೂ ಬಂತಲ್ರಿ!"

ತಲೆ ಎತ್ತಿದೆ. ಮಾವನ ಮುಖದ ಮೇಲೆ ಐದು ಮೂಲೆಯ ನೆರಳು ಕೂತಿತ್ತು! ನೋಡನೋಡುತ್ತಿದ್ದಂತೆ ಅದು ಅವರ ಕೆನ್ನೆ ಇಳಿದು ಪ್ಯಾನೆಲ್ ಏರಿ, ನಡುವೆ ಹಾಯಾಗಿ ಕಾಲು ಚಾಚಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನನ್ನ ಕಂಬವೂ ದಕ್ಷಿಣಕ್ಕೇ ಇತ್ತು. ನಾನು ಪೈಪು ಎತ್ತರಿಸಿದಷ್ಟೂ ನೆರಳು ಪ್ಯಾನೆಲ್‌ಗಳ ನಡುಮಧ್ಯಕ್ಕೆ ನಡೆದಿತ್ತು.

ಕೆಂಪು ಪೆನ್ನು ಕೈಯಿಂದ ಜಾರಿತು. ತಿದ್ದುತ್ತಿದ್ದ ಪ್ರಶ್ನೆ, ನಾನೇ ಬರೆದದ್ದು: "ಸೂರ್ಯನು ಕೆಳಗಿಳಿದಾಗ ಕಂಬದ ನೆರಳಿನ ಉದ್ದವನ್ನು ಕಂಡುಹಿಡಿಯಿರಿ." ಆ ಪ್ರಶ್ನೆಗೆ ಎಲ್ಲ ಮಕ್ಕಳಿಗೂ ಪೂರ್ತಿ ಅಂಕ ಕೊಟ್ಟೆ. ಅಂಕ ಕಳೆಯಲು ನನಗೆಲ್ಲಿಯ ಮುಖ?

ಕರ್ಚಿಕಾಯಿ ಕರಿಯುತ್ತಿದ್ದ ಲಿಡಿಯಾ ಜಾರೆ ಸೌಟು ಹಿಡಿದೇ ಮೇಲೆ ಬಂದು ನೋಡಿದಳು. "ನಡುವ ಒಂದ್ ಕಂಬ ಇಲ್ಲ ಅಂದಿದ್ರಿ," ಅಂದಳು ಮೆಲ್ಲಗೆ. "ನೀವೇ ಹುಗದೀರಲ್ರಿ."

ಕಂಬ ಕಿತ್ತು ಉತ್ತರದ ಗೋಡೆಗೆ ಸಾಗಿಸಿದೆ. ಅವಸರದಲ್ಲಿ ನಕ್ಷತ್ರದ ಒಂದು ಮೂಲೆ ನೀರಿನ ಟಾಕಿಗೆ ಬಡಿದು ಲಟಕ್ಕೆಂದಿತು. ದಾರ ಸುತ್ತಿ, ಕಾಗದ ಸವರಿ, ಒಳಗೆ ದೊಡ್ಡ ಬಲ್ಬುಗಳನ್ನು ಮತ್ತೆ ಹಾಕಿ, ಹೇಗೋ ನಿಲ್ಲಿಸಿದೆ. ಮಾವನಿಗೆ ಏನೂ ಹೇಳಲಿಲ್ಲ. ಅವರಿಗೆ ಕಂಡರಲ್ಲವೇ ಎಂಬ ಯೋಚನೆ ಬಂದು, ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಸಂಜೆಯವರೆಗಿನ ಬಿಸಿಲಿಗೆ ಬ್ಯಾಟರಿ ಒಂದಿಷ್ಟು ಜೀವ ಹಿಡಿಯಿತು. ಅದನ್ನು ನಕ್ಷತ್ರಕ್ಕೇ ಉಳಿಸಲು ಮನೆಯ ದೀಪವೆಲ್ಲ ಆರಿಸಿದೆವು. ಮಾವನನ್ನು ಮಾಳಿಗೆಗೆ ಕರೆತಂದು, ಲಿಡಿಯಾ ಅವರ ಹೆಗಲಿಗೆ ಕೌದಿ ಹೊದಿಸಿದಳು. ಪಕ್ಕದ ಮಾಳಿಗೆಯಲ್ಲಿ ವಜೀರಬೀ ಕೈ ಜೋಡಿಸಿ ನಿಂತಿದ್ದರು. ದೊಡ್ಡ ಬಲ್ಬುಗಳ ಸ್ವಿಚ್ಚು ಒತ್ತಿದೆ.

ಮಾಳಿಗೆಯೆಲ್ಲ ಕೆಂಪಾಯಿತು. ಇನ್ವರ್ಟರ್ ಅಳಲಿಲ್ಲ. ಮಾವ ಮುಖ ಎತ್ತಿದರು, ಕಣ್ಣು ಕಿರಿದು ಮಾಡಿದರು.

"ಅಪ್ಪಾ?" ಲಿಡಿಯಾ ಅವರ ಕಿವಿಯ ಹತ್ತಿರ ಬಗ್ಗಿದಳು. "ಕಾಣಸ್ತದೇನಪ್ಪಾ?"

ಮಾವ ಕೌದಿಯಿಂದ ಕೈ ಹೊರಗೆ ತೆಗೆದು, ಬೆರಳನ್ನು ನೇರ ನಕ್ಷತ್ರದತ್ತ ಚಾಚಿದರು.

"ಅಳಿಯಾರ, ಆ ಎಡಗಡಿ ಕೆಳಗಿನ ಮೂಲಿ ಯಾಕ ಸೊಟ್ಟ ಆಗ್ಯದ? ನಾ ಕೊಟ್ಟಾಗ ಸೀದಾ ಇತ್ತಲ್ರಿ!"

ಲಿಡಿಯಾ ಅಪ್ಪನ ಭುಜಕ್ಕೆ ಮುಖ ಒತ್ತಿ ಅಳುತ್ತಲೇ ನಗತೊಡಗಿದಳು. ನಾನು ಕೈಕಟ್ಟಿ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ, "ನಾನೇ ಮುರದೇನ್ರಿ ಮಾವಾರ," ಅಂದೆ. ಸಿಕ್ಕಿಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟವನು ಬೀದರ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.